ಮನೆ ತುಂಬ ಸಾಮಾನು, ಕೈಯಲ್ಲಿ 10 ವಾರ: ಯಾವುದನ್ನು ಮಾರುವುದು, ಯಾವುದನ್ನು ಒಯ್ಯುವುದು?

ಪ್ರಶ್ನೆ: ಕೆಲಸದ ಮೇಲೆ ಇಡೀ ಕುಟುಂಬ ಹೊರದೇಶಕ್ಕೆ ಹೋಗುತ್ತಿದ್ದೇವೆ. ಕನಿಷ್ಠ 5 ವರ್ಷ ಅಲ್ಲೇ ಇರಬೇಕು. ಹೊರಡಲು ಇನ್ನು 10 ವಾರ ಇದೆ. ಮಕ್ಕಳಿಗೆ 11 ಮತ್ತು 6 ವರ್ಷ. ಮೂರು ಮಲಗುವ ಕೋಣೆಯ ಮನೆ, 12 ವರ್ಷದ ಸಂಸಾರ. ಎಲ್ಲಿಂದ ಶುರು ಮಾಡಬೇಕೋ ಗೊತ್ತಾಗುತ್ತಿಲ್ಲ. "ಮನೆ ಬದಲಾಯಿಸುವವರಿಗೆ ಸುಂಕವೇ ಇಲ್ಲ, ಎಲ್ಲವನ್ನೂ ಹಡಗಿಗೆ ಹಾಕಿ" ಎನ್ನುತ್ತಾರೆ ಒಬ್ಬರು. "ಅಲ್ಲಿನ ಕರೆಂಟೇ ಬೇರೆ, ಒಂದೂ ನಡೆಯಲ್ಲ, ಕೊನೆಯ ವಾರ ಎಲ್ಲ ಒಟ್ಟಿಗೆ ಮಾರಿಬಿಡಿ" ಎನ್ನುತ್ತಾರೆ ಇನ್ನೊಬ್ಬರು. ಹಳೆಯ ಫೋನು, ಲ್ಯಾಪ್‌ಟಾಪುಗಳನ್ನು ಮಾರಲು ಭಯ. ಅತ್ತೆಯವರು ಕೊಟ್ಟ ಹಳೆಯ ಮರದ ಬೀರುವನ್ನು ಬಿಟ್ಟುಹೋಗಲು ಮನಸ್ಸಿಲ್ಲ. ಬೇಡದ್ದನ್ನು ಯಾರಿಗಾದರೂ ಕೊಡೋಣವೆಂದರೆ, ಕೊಟ್ಟದ್ದು ಅವರಿಗೆ ಹೊರೆಯಾದರೆ ಎಂಬ ಸಂಕೋಚ. ದಾರಿ ತಿಳಿಸಿ.

ಉತ್ತರ: ನೀವು ಕೇಳಿರುವುದು ಹಲವು ಪ್ರಶ್ನೆ, ಆದರೆ ಆತಂಕ ಒಂದೇ. ದುಡ್ಡು ಹಾಳಾಗಬಾರದು, ಕೊನೆಯ ದಿನ ಸಾಮಾನಿನ ರಾಶಿಯ ನಡುವೆ ಕೂರುವಂತಾಗಬಾರದು. ಇವೆರಡಕ್ಕೂ ಮದ್ದು ಒಂದೇ: ವಸ್ತುವಿಗೆ ಎಷ್ಟು ಬೆಲೆ ಎಂದು ಯೋಚಿಸುವ ಮೊದಲು, ಅದು ಮನೆಯಿಂದ ಯಾವ ದಿನ ಹೊರಬೀಳಬೇಕು ಎಂದು ಗೊತ್ತು ಮಾಡಿಕೊಳ್ಳಿ. ಹಳೆಯ ಸಾಮಾನಿನ ಬೆಲೆ ಕುಸಿಯುವುದು ಅದು ಹಳೆಯದಾಗಿದೆ ಎಂಬುದಕ್ಕಿಂತ ಹೆಚ್ಚಾಗಿ, ಮಾರುವವರಿಗೆ ದಿನ ಉಳಿದಿಲ್ಲ ಎಂಬುದು ಕೊಳ್ಳುವವರಿಗೆ ತಿಳಿದಾಗ. "ಶನಿವಾರ ಹೊರಡುತ್ತೇವೆ" ಎಂದು ಬುಧವಾರ ಹೇಳಿದರೆ ಯಾರೂ ಚೌಕಾಸಿ ಕೂಡ ಮಾಡುವುದಿಲ್ಲ. ಶುಕ್ರವಾರ ಸಂಜೆಯವರೆಗೆ ಕಾಯುತ್ತಾರೆ, ಅಷ್ಟೇ. ಆದ್ದರಿಂದ "ಕೊನೆಯ ವಾರ ಎಲ್ಲ ಒಟ್ಟಿಗೆ" ಎಂಬ ಸಲಹೆಯನ್ನು ಮೊದಲು ಕೈಬಿಡಿ. ಮಾರಾಟದ ಮಾತುಕತೆಯಲ್ಲಿ ಹೊರಡುವ ದಿನಾಂಕವನ್ನು ಹೇಳಲೂ ಬೇಡಿ. ಬೆಲೆಯ ಮಾತು ಹಾಗಿರಲಿ, ಮನೆ ಯಾವತ್ತು ಖಾಲಿಯಾಗುತ್ತದೆ ಎಂಬುದು ಅಪರಿಚಿತರಿಗೆ ತಿಳಿಯಬೇಕಾದ ವಿಷಯವಲ್ಲ.

ಇನ್ನು ಸುಂಕದ ಮಾತು. ವಾಸಸ್ಥಳ ಬದಲಾಯಿಸುವವರ ಬಳಸಿದ ಮನೆಸಾಮಾನಿಗೆ ಅನೇಕ ದೇಶಗಳಲ್ಲಿ ವಿನಾಯಿತಿ ಇರುವುದು ನಿಜ. ಆದರೆ ಅದಕ್ಕೆ ಷರತ್ತುಗಳಿವೆ. ಯುರೋಪಿಯನ್ ಒಕ್ಕೂಟದ ನಿಯಮವನ್ನೇ ನೋಡಿ: ನೀವು ಕನಿಷ್ಠ 12 ತಿಂಗಳು ಒಕ್ಕೂಟದ ಹೊರಗೆ ವಾಸವಿದ್ದಿರಬೇಕು, ವಸ್ತು ಕನಿಷ್ಠ 6 ತಿಂಗಳು ನಿಮ್ಮ ಬಳಕೆಯಲ್ಲಿರಬೇಕು, ಅಲ್ಲಿ ನೆಲೆಸಿದ 12 ತಿಂಗಳೊಳಗೆ ತರಿಸಿಕೊಳ್ಳಬೇಕು, ಒಳಗೆ ಬಂದ ಮೇಲೆ 12 ತಿಂಗಳು ಅದನ್ನು ಮಾರುವಂತಿಲ್ಲ, ಬಾಡಿಗೆಗೆ ಕೊಡುವಂತಿಲ್ಲ. ಅಮೆರಿಕದಲ್ಲಿ ಮನೆಬಳಕೆಯ ಸಾಮಾನು ಹೊರದೇಶದಲ್ಲಿ ಕನಿಷ್ಠ 1 ವರ್ಷ ಬಳಕೆಯಲ್ಲಿದ್ದಿರಬೇಕು. ಕೆನಡಾದಲ್ಲಿ ಹಿಂದಿನಿಂದ ಬರಲಿರುವ ಸಾಮಾನಿನ ಪಟ್ಟಿಯನ್ನು ನೀವು ಮೊದಲು ಕಾಲಿಟ್ಟ ದಿನವೇ ಕಸ್ಟಮ್ಸ್‌ಗೆ ಕೊಡಬೇಕು. ಹೀಗಾಗಿ ಬಹಳ ಮಂದಿ ಮಾಡುವ ತಪ್ಪೆಂದರೆ ಹೊರಡುವ ಮುನ್ನ ಹೊಸ ಟಿವಿ, ಹೊಸ ಪಾತ್ರೆಸೆಟ್ಟು ಕೊಂಡು ಡಬ್ಬಿ ಬಿಚ್ಚದೆ ಹಾಕುವುದು. ವಿನಾಯಿತಿ ತಪ್ಪುವುದು ಮೊದಲು ಅಂಥವಕ್ಕೇ. ಬೆಲೆಬಾಳುವ ವಸ್ತುಗಳ ಹಳೆಯ ಬಿಲ್ಲುಗಳನ್ನು ಹುಡುಕಿ ಒಂದು ಕಡೆ ಇಡಿ. ವಸ್ತು ಎಷ್ಟು ಹಳೆಯದು ಎಂಬುದಕ್ಕೆ ಅವೇ ಸಾಕ್ಷಿ.

ಸುಂಕ ಇಲ್ಲ ಎಂದ ಮಾತ್ರಕ್ಕೆ ಸಾಗಣೆ ಅಗ್ಗವಾಗುವುದಿಲ್ಲ. ಹಡಗಿನಲ್ಲಿ ಮನೆಸಾಮಾನಿಗೆ ಲೆಕ್ಕ ಹಾಕುವುದು ಜಾಗಕ್ಕೆ, ಘನ ಮೀಟರಿನಲ್ಲಿ. ಟೇಪು ಹಿಡಿದು ಅಳೆದರೆ ಅರ್ಧ ನಿರ್ಧಾರ ತಾನಾಗಿ ಆಗುತ್ತದೆ. 190×150×20 ಸೆಂಟಿಮೀಟರಿನ ಹಾಸಿಗೆ 0.57 ಘನ ಮೀಟರು. 45×30×30ರ ಒಂದು ಪುಸ್ತಕದ ಪೆಟ್ಟಿಗೆ 0.04. ಅಂದರೆ ಒಂದು ಹಾಸಿಗೆಯ ಜಾಗದಲ್ಲಿ 14 ಪೆಟ್ಟಿಗೆ ಪುಸ್ತಕ ಹೋಗುತ್ತವೆ. ಪುಸ್ತಕ, ಸ್ಟೀಲಿನ ಪಾತ್ರೆ, ಕೈಮಗ್ಗದ ಬಟ್ಟೆಯಂಥ ಭಾರವಾದ, ಒತ್ತಾಗಿ ಕೂರುವ ಸಾಮಾನು ಹಡಗಿಗೆ ಲಾಭ. ಹಾಸಿಗೆ, ಸೋಫಾ, ಪ್ಲಾಸ್ಟಿಕ್ ಆಟಿಕೆ ನಷ್ಟ. ವಿಮಾನದಲ್ಲಿ ಲೆಕ್ಕ ಬೇರೆ: ನಿಜವಾದ ತೂಕ, ಇಲ್ಲವೇ ಗಾತ್ರದ ತೂಕ, ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದುಡ್ಡು. ಗಾತ್ರದ ತೂಕ ತಿಳಿಯಲು ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 6000ದಿಂದ ಭಾಗಿಸುತ್ತಾರೆ. ಕೊರಿಯರಿನವರು ಸಾಮಾನ್ಯವಾಗಿ 5000ದಿಂದ. 60×40×40ರ ಪೆಟ್ಟಿಗೆಗೆ ದಿಂಬು ತುಂಬಿದರೆ ತಕ್ಕಡಿಯಲ್ಲಿ 4 ಕಿಲೋ ಇರಬಹುದು, ನೀವು ಕೊಡುವುದು 16 ಕಿಲೋಗೆ.

ಕೊಟೇಶನ್ ಕೇಳುವಾಗ "ಮನೆ ಬಾಗಿಲಿಂದ ಮನೆ ಬಾಗಿಲಿಗೆ" ಎಂದು ಬರವಣಿಗೆಯಲ್ಲಿ ತೆಗೆದುಕೊಳ್ಳಿ. ತೀರ ಕಡಿಮೆ ದರ ಹೇಳುವವರ ಹಾಳೆಯಲ್ಲಿ ಲೆಕ್ಕ ಆ ಕಡೆಯ ಬಂದರಿಗೇ ನಿಂತಿರುತ್ತದೆ. ಇಳಿಸುವ ಕೂಲಿ, ಕಸ್ಟಮ್ಸ್ ಏಜೆಂಟರ ಶುಲ್ಕ, ಬಂದರಿನಲ್ಲಿ ದಿನ ಹೆಚ್ಚಾದರೆ ಬೀಳುವ ಬಾಡಿಗೆ, ಲಾರಿ ಎಲ್ಲ ನಿಮ್ಮ ತಲೆಗೆ ಬರುತ್ತವೆ. ಹಂಚಿಕೆಯ ಕಂಟೇನರಿನಲ್ಲಿ 3–4 ಘನ ಮೀಟರು ಕಳಿಸುವವರಿಗೆ ಈ ಪೆಟ್ಟು ಹೆಚ್ಚು. ವಿಮೆಯಲ್ಲೂ ಒಂದು ಮಾತು ಗಮನಿಸಿ: ನೀವೇ ಕಟ್ಟಿದ ಪೆಟ್ಟಿಗೆಯೊಳಗಿನ ವಸ್ತು ಒಡೆದರೆ ಹೆಚ್ಚಿನ ಪಾಲಿಸಿಗಳು ಪರಿಹಾರ ಕೊಡುವುದಿಲ್ಲ. ಗಾಜು, ಪಿಂಗಾಣಿ, ಪರದೆಗಳನ್ನು ಪ್ಯಾಕರ್‌ಗಳಿಂದಲೇ ಕಟ್ಟಿಸಿ. ಬಟ್ಟೆ, ಪುಸ್ತಕವನ್ನು ನೀವು ಕಟ್ಟಿ.

ಕರೆಂಟಿನ ವಿಚಾರದಲ್ಲಿ "ಒಂದೂ ನಡೆಯಲ್ಲ" ಎಂಬುದು ಅರ್ಧ ಸತ್ಯ. ಹೋಗುವ ದೇಶ ಯಾವುದೆಂದು ನೀವು ಬರೆದಿಲ್ಲ, ಅದಕ್ಕೆ ಎರಡನ್ನೂ ಹೇಳುತ್ತೇನೆ. 230 ವೋಲ್ಟ್, 50 ಹರ್ಟ್ಸ್ ಇರುವ ಕಡೆಯಿಂದ ಅದೇ ಇರುವ ಕಡೆಗೆ (ಬ್ರಿಟನ್, ಯುರೋಪಿನ ಉಳಿದ ದೇಶಗಳು, ಆಸ್ಟ್ರೇಲಿಯಾ ಎಲ್ಲ ಹೀಗೇ) ಹೋದರೆ ಪ್ಲಗ್ಗು ಬದಲಾಯಿಸಿದರೆ ಮುಗಿಯಿತು. ಅಮೆರಿಕ, ಕೆನಡಾಗಳಲ್ಲಿ 120 ವೋಲ್ಟ್, 60 ಹರ್ಟ್ಸ್. ಜಪಾನಿನಲ್ಲಿ 100 ವೋಲ್ಟ್, ಅದೂ ಪೂರ್ವದಲ್ಲಿ 50 ಹರ್ಟ್ಸ್, ಪಶ್ಚಿಮದಲ್ಲಿ 60. ಅಲ್ಲಿಗೆ ಹೋಗುವುದಾದರೆ ಪ್ರತಿ ಉಪಕರಣವನ್ನೂ ತಿರುಗಿಸಿ ಬೆನ್ನಿನ ಚೀಟಿ ಓದಿ. "ಇನ್‌ಪುಟ್ 100–240 ವೋಲ್ಟ್, 50/60 ಹರ್ಟ್ಸ್" ಎಂದಿದ್ದರೆ ಎಲ್ಲಿಯಾದರೂ ನಡೆಯುತ್ತದೆ. ಲ್ಯಾಪ್‌ಟಾಪ್, ಫೋನು, ಕ್ಯಾಮೆರಾ ಚಾರ್ಜರುಗಳು ಬಹುತೇಕ ಹೀಗೇ. ಬರೀ "230 ವೋಲ್ಟ್" ಎಂದಿದ್ದರೆ ಮಾರಿಬಿಡಿ. ಬಿಸಿ ಮಾಡುವ ಉಪಕರಣದ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ, ಹಾಗಾಗಿ 2000 ವ್ಯಾಟಿನ ಕೆಟಲ್ 120 ವೋಲ್ಟಿನಲ್ಲಿ ಸುಮಾರು 545 ವ್ಯಾಟಿಗೆ ಬರುತ್ತದೆ. ನೀರು ಕುದಿಯುವ ಹೊತ್ತಿಗೆ ತಾಳ್ಮೆ ಮುಗಿದಿರುತ್ತದೆ. ಟ್ರಾನ್ಸ್‌ಫಾರ್ಮರ್ ಹಾಕಬಹುದು, ಆದರೆ 750 ವ್ಯಾಟಿನ ಮಿಕ್ಸಿಗೆ ಅದರ ಎರಡರಷ್ಟು ಸಾಮರ್ಥ್ಯದ್ದು ಬೇಕು, ಅದು ಕಬ್ಬಿಣದ ಗುಂಡಿನಷ್ಟು ಭಾರ. ಹರ್ಟ್ಸನ್ನು ಅದು ಬದಲಿಸುವುದೂ ಇಲ್ಲ, ಆದ್ದರಿಂದ ಫ್ರಿಜ್ಜು, ವಾಷಿಂಗ್ ಮಷೀನಿನಂಥವನ್ನು ಒಯ್ಯುವ ಯೋಚನೆ ಬೇಡ.

ಈಗ ದಿನಗಳ ಲೆಕ್ಕ. ಹೊರಡುವ ದಿನದಿಂದ ಹಿಂದಕ್ಕೆ ಎಣಿಸಿ. ಈ ವಾರವೇ ಕೈಹಾಕಬೇಕಾದದ್ದು ಕಾರು, ಸ್ಕೂಟರು. ದುಡ್ಡು ಕೈಗೆ ಬಂದ ದಿನಕ್ಕೂ ದಾಖಲೆಯಲ್ಲಿ ಹೆಸರು ಬದಲಾದ ದಿನಕ್ಕೂ ನಡುವೆ ವಾರಗಳೇ ಹೋಗುತ್ತವೆ. ಸಾಲ ತೀರಿದ್ದರೂ ದಾಖಲೆಯಲ್ಲಿ ಬ್ಯಾಂಕಿನ ಹೆಸರು ಉಳಿದಿದ್ದರೆ ಇನ್ನಷ್ಟು. ಹೆಸರು ಬದಲಾಗುವವರೆಗೆ ಆ ಗಾಡಿಯ ದಂಡ, ಅಪಘಾತದ ಪತ್ರ ಎಲ್ಲ ನಿಮ್ಮ ವಿಳಾಸಕ್ಕೇ ಬರುತ್ತವೆ, ಆಗ ಉತ್ತರ ಕೊಡಲು ನೀವು ಊರಲ್ಲಿ ಇರುವುದಿಲ್ಲ. ಹಡಗಿನ ಸಾಮಾನು ಬಾಗಿಲಿಂದ ಬಾಗಿಲಿಗೆ ಒಂದೂವರೆಯಿಂದ ಮೂರು ತಿಂಗಳು ತೆಗೆದುಕೊಳ್ಳುತ್ತದೆ; ನೀವು ಹೊರಡಲು 5 ವಾರ ಇರುವಾಗಲೇ ಅದು ಮನೆ ಬಿಟ್ಟರೆ ಒಳ್ಳೆಯದು. ಸೋಫಾ, ಊಟದ ಮೇಜು, ಪುಸ್ತಕದ ಕಪಾಟು, ಹೆಚ್ಚುವರಿ ಮಂಚದಂಥ ದೊಡ್ಡ ಸಾಮಾನಿಗೆ ಗಿರಾಕಿ ಸಿಗಲು ಹೊತ್ತು ಬೇಕು, ಹೊರಡಲು 8 ವಾರ ಇರುವಾಗ ಶುರು ಮಾಡಿ 5 ವಾರ ಉಳಿದಿರುವಾಗಲೇ ಅವನ್ನು ಮುಗಿಸಿ.

ದಿನವೂ ಬೇಕಾಗುವ ಫ್ರಿಜ್ಜು, ವಾಷಿಂಗ್ ಮಷೀನು, ಮಕ್ಕಳ ಮಂಚದ ಸಂಗತಿ ಬೇರೆ. ಅವನ್ನೂ ಈಗಲೇ ಮಾರಿ, ಆದರೆ ಒಯ್ಯುವ ದಿನ ಮುಂದಕ್ಕಿರಲಿ. ಅರ್ಧ ಮುಂಗಡ ಪಡೆದು, "ಇಂಥ ದಿನ ಬೆಳಿಗ್ಗೆ ಒಯ್ಯತಕ್ಕದ್ದು, ಬರದಿದ್ದರೆ ಮುಂಗಡ ಮರಳಿ ಕೊಡುವುದಿಲ್ಲ" ಎಂದು ಒಂದು ಚೀಟಿಯಲ್ಲಿ ಇಬ್ಬರೂ ಸಹಿ ಮಾಡಿ. ತಡವಾಗಿ ಸಿಗುತ್ತದೆ ಎಂಬ ಕಾರಣಕ್ಕೆ ಬೆಲೆಯಲ್ಲಿ ಸ್ವಲ್ಪ ಬಿಟ್ಟುಕೊಡಿ. ಒಯ್ಯುವ ದಿನ ಹೊರಡುವುದಕ್ಕೆ 3 ದಿನ ಮೊದಲಿರಲಿ. ಅವರು ಕೈಕೊಟ್ಟರೂ ಎರಡನೆಯವರನ್ನು ಕರೆಯಲು ಸಮಯ ಉಳಿಯುತ್ತದೆ.

ಬೆಲೆ ಬರುವುದು ಜಾಹೀರಾತಿನ ವಿವರದಿಂದ. ಮಾಡೆಲ್ ಸಂಖ್ಯೆಯ ಚೀಟಿಯ ಫೋಟೊ, ಉದ್ದ-ಅಗಲ-ಎತ್ತರ, ಕೊಂಡ ವರ್ಷ, ಇರುವ ದೋಷ, ಲಿಫ್ಟ್ ಇದೆಯೋ ಮೆಟ್ಟಿಲೋ ಎಂಬುದನ್ನೆಲ್ಲ ಹಾಕಿ. ಗೀರು ಬಿದ್ದಿದ್ದರೆ ಗೀರಿನದೇ ಒಂದು ಹತ್ತಿರದ ಫೋಟೊ ಇರಲಿ. ದೋಷ ಮೊದಲೇ ಹೇಳಿದರೆ ಬಾಗಿಲಿಗೆ ಬಂದು "ಇದೇನು, ಹೀಗಿದೆಯಲ್ಲ" ಎಂದು ಬೆಲೆ ಇಳಿಸುವವರ ಬಾಯಿಗೆ ಮಾತು ಸಿಗುವುದಿಲ್ಲ. ಮನೆಪೂರ್ತಿ ಒಟ್ಟಿಗೆ ಕೊಳ್ಳುತ್ತೇವೆ ಎಂದು ಬರುವ ವ್ಯಾಪಾರಿಗಳಿಂದ ಸಿಗುವುದು ಕಡಿಮೆಯೇ, ಆದರೆ ನಿಮ್ಮ ಸಮಯ ಉಳಿಯುತ್ತದೆ. ಅವರೊಡನೆ ಮಾತಾಡುವಾಗ ಪಟ್ಟಿ ಕೈಯಲ್ಲಿರಲಿ. ಇಲ್ಲದಿದ್ದರೆ ಒಳ್ಳೆಯ ನಾಲ್ಕು ವಸ್ತು ಆರಿಸಿಕೊಂಡು ಮಿಕ್ಕ ಗುಜರಿಯನ್ನು ನಿಮಗೇ ಬಿಟ್ಟುಹೋಗುತ್ತಾರೆ. ಇನ್ನು ಹಣ: ಹಣ ಪಡೆಯಲು ಪಿನ್ ಆಗಲಿ ಒಟಿಪಿ ಆಗಲಿ ಎಂದೂ ಬೇಡ. ಕೇಳಿದರೆ ಅದು ಮೋಸ. ಹಣ ಕಳಿಸಿದ ಸ್ಕ್ರೀನ್‌ಶಾಟ್ ನೋಡಿ ಸಾಮಾನು ಎತ್ತಿಕೊಡಬೇಡಿ, ನಿಮ್ಮ ಖಾತೆಯಲ್ಲಿ ಬಿದ್ದದ್ದನ್ನು ನೋಡಿ ಕೊಡಿ.

ದೊಡ್ಡ ಯಂತ್ರಗಳನ್ನು ಕಳಿಸುವಾಗ ಆಗುವ ಜಗಳಗಳ ಮೂಲ ಹೆಚ್ಚಾಗಿ ಒಂದೆರಡು ಸಣ್ಣ ಕೆಲಸ ಮರೆತದ್ದು. ಮುಂದೆ ಬಾಗಿಲಿರುವ ವಾಷಿಂಗ್ ಮಷೀನು ಕೊಂಡಾಗ ಹಿಂಬದಿಯಲ್ಲಿ ಮೂರೋ ನಾಲ್ಕೋ ಉದ್ದನೆಯ ಬೋಲ್ಟುಗಳಿದ್ದವು, ಅಳವಡಿಸಿದವರು ಬಿಚ್ಚಿ ಕೊಟ್ಟಿರುತ್ತಾರೆ. ಡ್ರಮ್ಮನ್ನು ಅಲುಗದಂತೆ ಹಿಡಿಯುವುದು ಅವೇ. ಅವಿಲ್ಲದೆ ಲಾರಿಗೆ ಏರಿಸಿದರೆ ಸ್ಪ್ರಿಂಗುಗಳಲ್ಲಿ ತೂಗುವ ಡ್ರಮ್ಮು ದಾರಿಯುದ್ದಕ್ಕೂ ಒಳಗೋಡೆಗೆ ಬಡಿದು, ಕೊಂಡವರ ಮನೆಯಲ್ಲಿ ಮೊದಲ ಒಗೆತಕ್ಕೇ ಯಂತ್ರ ಕುಣಿಯುತ್ತದೆ. ಕೈಪಿಡಿಯ ಕವರಿನಲ್ಲಿ, ಉಪಕರಣದ ಡಬ್ಬಿಯಲ್ಲಿ ಹುಡುಕಿ. ಸಿಗದಿದ್ದರೆ ಮಾಡೆಲ್ ಸಂಖ್ಯೆ ಹೇಳಿ ಸರ್ವಿಸ್ ಕೇಂದ್ರದಿಂದ ತರಿಸಿ. ಕೆಳಗಿನ ಚಿಕ್ಕ ಮುಚ್ಚಳ ತೆಗೆದು ಫಿಲ್ಟರಿನ ನೀರನ್ನೂ ಬಸಿಯಿರಿ. ಒಂದು ಲೀಟರಿಗೂ ಹೆಚ್ಚು ಬರಬಹುದು, ಚಪ್ಪಟೆ ತಟ್ಟೆ ಇಟ್ಟುಕೊಳ್ಳಿ.

ಫ್ರಿಜ್ಜನ್ನು ಒಯ್ಯುವ ಹಿಂದಿನ ದಿನವೇ ಆರಿಸಿ, ಮಂಜು ಪೂರ್ತಿ ಕರಗಲಿ. ಹಿಂಬದಿಯಲ್ಲಿ ಕಂಪ್ರೆಸರಿನ ಮೇಲಿರುವ ನೀರಿನ ತಟ್ಟೆಯನ್ನು ಒರೆಸಲು ಎಲ್ಲರೂ ಮರೆಯುತ್ತಾರೆ. ನಿಲ್ಲಿಸಿಯೇ ಸಾಗಿಸಬೇಕು. ಮಲಗಿಸಿದರೆ ಕಂಪ್ರೆಸರಿನ ಎಣ್ಣೆ ಕೊಳವೆಗೆ ಹೋಗುತ್ತದೆ. ಹಾಗಾಗಿದ್ದರೆ ನೆಟ್ಟಗೆ ನಿಲ್ಲಿಸಿ ಒಂದು ದಿನ ಬಿಟ್ಟು ಚಾಲೂ ಮಾಡುವಂತೆ ಕೊಂಡವರಿಗೆ ಹೇಳಿ. ಕೆಟ್ಟ ಫ್ರಿಜ್ಜನ್ನು ಸಿಕ್ಕವರಿಗೆ ಕೊಡಬೇಡಿ. ಈಗಿನ ಅನೇಕ ಮನೆಬಳಕೆಯ ಫ್ರಿಜ್ಜುಗಳಲ್ಲಿರುವ ಆರ್600ಎ ಅನಿಲ ಹೊತ್ತಿಕೊಳ್ಳುವಂಥದ್ದು, ಕೊಳವೆ ಕತ್ತರಿಸುವವರ ಜೀವಕ್ಕೆ ಅಪಾಯ. ಎಸಿ ಇದ್ದರೆ ಬಿಚ್ಚುವ ಮೊದಲು ಮೆಕ್ಯಾನಿಕ್‌ರಿಂದ ಅನಿಲವನ್ನು ಹೊರಗಿನ ಯೂನಿಟ್ಟಿಗೆ ಎಳೆಸಿ; ಇಲ್ಲವಾದರೆ ಅದು ಗಾಳಿಪಾಲು. ಇನ್ವರ್ಟರಿನ ಆಸಿಡ್ ಬ್ಯಾಟರಿ ಬ್ಯಾಟರಿ ಅಂಗಡಿಗೆ, ಅಡುಗೆ ಅನಿಲದ ಸಿಲಿಂಡರು ಕೊಟ್ಟವರಿಗೇ ವಾಪಸ್ಸು. ಬಣ್ಣ, ಕೀಟನಾಶಕ, ಸ್ಪ್ರೇ ಡಬ್ಬಿ ಯಾವ ಸಾಗಣೆಯಲ್ಲೂ ಹೋಗುವುದಿಲ್ಲ, ಈಗಿನಿಂದಲೇ ಖರ್ಚು ಮಾಡುತ್ತ ಬನ್ನಿ.

ಫೋನು, ಲ್ಯಾಪ್‌ಟಾಪಿನ ಭಯ ಸಕಾರಣ, ಆದರೆ ಒಡೆದುಹಾಕುವ ಅಗತ್ಯವಿಲ್ಲ. ಬ್ಯಾಂಕಿನ ಆ್ಯಪು, ಒಟಿಪಿ ತೋರಿಸುವ ಆ್ಯಪುಗಳನ್ನು ಮೊದಲು ಹೊಸ ಫೋನಿಗೆ ಸಾಗಿಸಿ ಒಮ್ಮೆ ಬಳಸಿ ನೋಡಿ. ಆಮೇಲೆ ಹಳೆಯ ಫೋನಿನಲ್ಲಿ ಖಾತೆಯಿಂದ ಸೈನ್ ಔಟ್ ಆಗಿ, ಆಮೇಲಷ್ಟೇ ರೀಸೆಟ್. ಈ ಕ್ರಮ ತಪ್ಪಿದರೆ ಫೋನು ನಿಮ್ಮ ಖಾತೆಗೇ ಬೀಗ ಹಾಕಿಕೊಂಡು ಕೂರುತ್ತದೆ. ಕೊಂಡವರು ನಿಮಗೆ ಕರೆ ಮಾಡುವಾಗ ನೀವು ವಿಮಾನದಲ್ಲಿರುತ್ತೀರಿ. ಸಿಮ್ಮು, ಮೆಮೊರಿ ಕಾರ್ಡು ತೆಗೆದಿರಲೇಬೇಕು. ಈಗಿನ ಫೋನುಗಳು ಮಾಹಿತಿಯನ್ನು ಗೂಢಲಿಪಿಯಲ್ಲಿಡುವುದರಿಂದ ರೀಸೆಟ್ ಮಾಡಿದಾಗ ಅದರ ಕೀಲಿಯೇ ಅಳಿಯುತ್ತದೆ, ಅಷ್ಟು ಸಾಕು. ಕಂಪ್ಯೂಟರಿನ ಹಾರ್ಡ್ ಡಿಸ್ಕಿನಲ್ಲಿ ಮಾತ್ರ ಬರೀ "ಕ್ವಿಕ್ ಫಾರ್ಮ್ಯಾಟ್" ಸಾಲದು. ಅದು ಪುಸ್ತಕದ ವಿಷಯಸೂಚಿ ಹರಿದಂತೆ, ಪುಟಗಳು ಹಾಗೇ ಇರುತ್ತವೆ. ತಿರುಗುವ ಡಿಸ್ಕಿಗೆ ಪೂರ್ತಿ ಒಂದು ಸಲ ಮೇಲೆ ಬರೆಸಿದರೆ ಮುಗಿಯಿತು. ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿಗೆ ತಯಾರಕರ "ಸೆಕ್ಯೂರ್ ಇರೇಸ್" ಬಳಸಿ. ಕೆಟ್ಟುನಿಂತ ಲ್ಯಾಪ್‌ಟಾಪಿನಿಂದ ಡಿಸ್ಕು ಬಿಚ್ಚಿಟ್ಟುಕೊಂಡು ಉಳಿದದ್ದನ್ನು ಇ-ತ್ಯಾಜ್ಯಕ್ಕೆ ಕೊಡಿ. ರೌಟರು, ಸಿಸಿಟಿವಿ ಪೆಟ್ಟಿಗೆ, ಟಿವಿಯಲ್ಲಿ ಉಳಿದ ಲಾಗಿನ್, ಕಾರಿನ ಬ್ಲೂಟೂತಿಗೆ ಸೇರಿದ ಫೋನ್‌ಬುಕ್ಕು, ಇವನ್ನೂ ಅಳಿಸಿ. ನಿಮ್ಮ ಮೊಬೈಲ್ ನಂಬರನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ, ಬ್ಯಾಂಕಿನ ಬಾಗಿಲು ಅದೇ. ಪವರ್‌ಬ್ಯಾಂಕು ಕೈಚೀಲದಲ್ಲೇ ಹೋಗಬೇಕು. 100 ವ್ಯಾಟ್-ಅವರ್‌ವರೆಗೆ ಸಾಮಾನ್ಯವಾಗಿ ಅಡ್ಡಿಯಿಲ್ಲ (20000 ಎಂಎಎಚ್‌ನದು ಸುಮಾರು 74), 100ರಿಂದ 160ಕ್ಕೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು.

ಕೊಡುವ ವಿಚಾರದಲ್ಲಿ ನಿಮ್ಮ ಸಂಕೋಚ ಸರಿಯಾದದ್ದೇ. ಕೇಳಿ ಕೊಡಿ, ಅಷ್ಟು ಸಾಕು. ಫೋಟೊ ಕಳಿಸಿ, "ಬೇಡವೆಂದರೆ ಬೇಜಾರಿಲ್ಲ" ಎಂದು ಬರೆಯಿರಿ. ಸಂಸ್ಥೆಗೆ ಕೊಡುವುದಾದರೆ ಏನು ಬೇಕು ಎಂದು ಮೊದಲೇ ಕೇಳಿ. ಬಳಸಿದ ಹಾಸಿಗೆ, ಹೆಲ್ಮೆಟ್ಟು, ಅವಧಿ ಮುಗಿದ ಮಕ್ಕಳ ಕಾರ್ ಸೀಟು ಕೊಡಲೇಬಾರದ ವಸ್ತುಗಳು. ಹೆಲ್ಮೆಟ್ಟಿನ ಒಳಗಿನ ಬಿರುಕು ಕಣ್ಣಿಗೆ ಕಾಣುವುದಿಲ್ಲ. ನಿಮ್ಮ ಮನೆಯಲ್ಲಿ ಕೆಲಸ ಮಾಡಿದವರಿಗೆ ಏನಾದರೂ ಕೊಡುವಿರಾದರೆ ಸಾಗಿಸುವ ಗಾಡಿ ಬಾಡಿಗೆಯನ್ನೂ ಸೇರಿಸಿ ಕೊಡಿ, ಇಲ್ಲವಾದರೆ ಆ ಉಡುಗೊರೆಗೆ ಅವರೇ ದುಡ್ಡು ತೆತ್ತಂತಾಗುತ್ತದೆ. "ಸದ್ಯ ನಿಮ್ಮ ಹತ್ತಿರ ಇರಲಿ, ಬಂದಾಗ ನೋಡೋಣ" ಎಂದು ನೆಂಟರ ಮನೆಯಲ್ಲಿ ಇಡುವುದನ್ನು ನಾನು ಒಪ್ಪುವುದಿಲ್ಲ. ಬಳಸಲೂ ಆಗದೆ ಬಿಸಾಡಲೂ ಆಗದೆ ಅವರು ಒದ್ದಾಡುತ್ತಾರೆ, ವರ್ಷಗಳ ಮೇಲೆ ಗೆದ್ದಲು ಹಿಡಿದಾಗ ಮನಸ್ಸುಗಳೂ ಕೆಡುತ್ತವೆ. ಬಾಡಿಗೆಯ ಗೋದಾಮಿನಲ್ಲಿ ಇಡುವುದಾದರೆ ಹೊಸದಾಗಿ ಕೊಳ್ಳುವ ಬೆಲೆಯನ್ನು ತಿಂಗಳ ಬಾಡಿಗೆಯಿಂದ ಭಾಗಿಸಿ ನೋಡಿ. ಬಂದ ಸಂಖ್ಯೆ 60 ತಿಂಗಳಿಗಿಂತ ಕಡಿಮೆಯಿದ್ದರೆ, ನಿಮ್ಮ 5 ವರ್ಷಕ್ಕೆ ಅದು ನಷ್ಟ.

ಮಕ್ಕಳ ಸಾಮಾನನ್ನು ಅವರು ಶಾಲೆಗೆ ಹೋದಾಗ ಸಾಗಹಾಕಬೇಡಿ. ಇಬ್ಬರಿಗೂ ಒಂದೇ ಅಳತೆಯ ಒಂದೊಂದು ಪೆಟ್ಟಿಗೆ ಕೊಟ್ಟು, ಇದರಲ್ಲಿ ಹಿಡಿಸಿದ್ದೆಲ್ಲ ಬರುತ್ತದೆ ಎಂದು ಹೇಳಿ, ಆಮೇಲೆ ಆ ಮಾತಿಗೆ ನೀವೂ ಬದ್ಧರಾಗಿರಿ. 6 ವರ್ಷದ ಮಗು ಒಡೆದ ಆಟಿಕೆಯನ್ನೇ ಆರಿಸಬಹುದು, ಆರಿಸಲಿ. ಪಾಸ್‌ಪೋರ್ಟು, ಶಾಲೆಯ ಪತ್ರ, ಲಸಿಕೆಯ ಕಾರ್ಡು, ಆಸ್ತಿಪತ್ರ, ಒಡವೆ ಹಡಗಿಗೂ ಬೇಡ, ಚೆಕ್-ಇನ್ ಪೆಟ್ಟಿಗೆಗೂ ಬೇಡ. ಹಳೆಯ ಆಲ್ಬಮ್ಮಿನ ಚಿತ್ರಗಳನ್ನು 300 ಡಿಪಿಐನಲ್ಲಿ, ಪಾಸ್‌ಪೋರ್ಟ್ ಅಳತೆಯವನ್ನು 600ರಲ್ಲಿ ಸ್ಕ್ಯಾನ್ ಮಾಡಿಸಿ.

ಕೊನೆಗೆ ಅತ್ತೆಯವರ ಬೀರು. ಇಡೀ ಪತ್ರದಲ್ಲಿ ಹೆಚ್ಚು ಹೊತ್ತು ಬೇಡುವುದು ಇದೇ. 2×1.2×0.6 ಮೀಟರಿನದಾದರೆ ಹಾಗೇ ಒಯ್ದಾಗ 1.44 ಘನ ಮೀಟರು ಜಾಗ ತಿನ್ನುತ್ತದೆ. ಗೂಟ, ತಿರುಪಿನಿಂದ ಜೋಡಿಸಿದ್ದಾದರೆ ಬಡಗಿಯಿಂದ ಬಿಚ್ಚಿಸಿ ಹಲಗೆಗಳನ್ನು ಚಪ್ಪಟೆಯಾಗಿ ಕಟ್ಟಿಸಬಹುದು, ಆಗ ಜಾಗ ಬಹಳ ಕಡಿಮೆಯಾಗುತ್ತದೆ. ಪ್ರತಿ ಸಂದಿಗೂ ಎರಡೂ ಬದಿ ಒಂದೇ ಸಂಖ್ಯೆ ಬರೆದು, ತಿರುಪುಗಳನ್ನು ಬಟ್ಟೆಚೀಲದಲ್ಲಿ ಹಾಕಿ ಆಯಾ ಹಲಗೆಗೇ ಕಟ್ಟಿ. ಅಂಟು ಹಾಕಿ ಕೂರಿಸಿದ್ದಾದರೆ ಬಿಚ್ಚುವ ಸಾಹಸ ಬೇಡ, ಹಲಗೆ ಸೀಳುತ್ತದೆ. ಒಳಮೂಲೆ, ಕಾಲಿನ ಅಡಿಗೆ ಟಾರ್ಚು ಬಿಟ್ಟು ನೋಡಿ: ಸಾಸಿವೆಯಷ್ಟು ಸಣ್ಣ ತೂತು, ಕೆಳಗೆ ಹಿಟ್ಟಿನಂಥ ಪುಡಿ ಇದ್ದರೆ ಒಳಗೆ ಹುಳು ಇದೆ. ಆಸ್ಟ್ರೇಲಿಯಾ, ನ್ಯೂಜಿಲೆಂಡುಗಳ ತಪಾಸಣೆಯಲ್ಲಿ ಅದು ಸಿಕ್ಕಿಬಿದ್ದರೆ ಚಿಕಿತ್ಸೆಯ ಖರ್ಚು ನಿಮ್ಮದು, ಇಲ್ಲವೇ ಬೀರುವೇ ಹೋಗುತ್ತದೆ. ಆ ದೇಶಗಳಲ್ಲಿ ಸೈಕಲ್ ಚಕ್ರ, ಬೂಟು, ತೋಟದ ಸಲಕರಣೆಯ ಮಣ್ಣಿಗೂ ಇದೇ ಪಾಡು, ತೊಳೆದು ಒಣಗಿಸಿ ಕಟ್ಟಿ. ಬೀರುವಿಗೆ ಹೊಡೆಸುವ ಮರದ ಕ್ರೇಟಿನ ಮೇಲೆ ಶಾಖ ಸಂಸ್ಕರಣೆಯ ಎಚ್‌ಟಿ ಮುದ್ರೆ ಇರಬೇಕು; ಮರದ ತಿರುಳು 56 ಡಿಗ್ರಿಯಲ್ಲಿ 30 ನಿಮಿಷ ಕಾದಿದೆ ಎಂಬುದರ ಗುರುತು ಅದು. ಪ್ಲೈವುಡ್ ಕ್ರೇಟಿಗೆ ಅದು ಬೇಕಿಲ್ಲ.

ಇದಕ್ಕಿಂತ ಮುಖ್ಯವಾದದ್ದು ಮರ ಯಾವುದು ಎಂಬುದು. ಬೀಟೆ ಸೇರಿದಂತೆ ಡಾಲ್ಬರ್ಜಿಯಾ ಕುಲದ ಮರಗಳು 2017ರಿಂದ ಸೈಟಿಸ್ ಒಪ್ಪಂದದ (ಅಳಿವಿನ ಅಂಚಿನ ಗಿಡ, ಪ್ರಾಣಿಗಳು ದೇಶದಿಂದ ದೇಶಕ್ಕೆ ಸಾಗುವುದಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದ) ನಿಯಂತ್ರಣದಲ್ಲಿವೆ. ಸಿದ್ಧ ವಸ್ತುವಿನಲ್ಲಿ ಆ ಮರ ಒಂದು ಸಾಗಣೆಗೆ 10 ಕಿಲೋವರೆಗೆ ಇದ್ದರೆ ರಿಯಾಯಿತಿ ಇದೆ, ಬೀರು ಅದನ್ನು ಎಲ್ಲೋ ದಾಟಿರುತ್ತದೆ. ಮನೆ ಬದಲಾಯಿಸುವವರ ಸ್ವಂತ ವಸ್ತುವೆಂದು ಬಿಟ್ಟುಕೊಡುವ ದೇಶಗಳೂ ಇವೆ, ಪರ್ಮಿಟ್ ಇಲ್ಲದೆ ಒಳಗೆ ಬಿಡದ ದೇಶಗಳೂ ಇವೆ. ಹೊರಡುವ ದೇಶ, ಸೇರುವ ದೇಶ ಎರಡರ ಸೈಟಿಸ್ ಕಚೇರಿಯಲ್ಲೂ ಬರವಣಿಗೆಯಲ್ಲಿ ಕೇಳಬೇಕು. ತೇಗವೋ ಹಲಸೋ ಆಗಿದ್ದರೆ ಈ ತೊಡಕಿಲ್ಲ. ಹಾಗಾಗಿ ಬೇರೆ ಸಾಮಾನಿಗೆ ಕೈಹಾಕುವ ಮೊದಲು ಒಬ್ಬ ಅನುಭವಿ ಬಡಗಿಯನ್ನು ಕರೆಸಿ ಬೀರುವಿನ ಹಿಂಬದಿ, ಪಾಲಿಶ್ ಇಲ್ಲದ ಭಾಗ ತೋರಿಸಿ ಮರ ಯಾವುದೆಂದು ತಿಳಿದುಕೊಳ್ಳಿ. ಪರ್ಮಿಟ್ ಬೇಕಾಗಿ ಬಂದರೆ 10 ವಾರ ಹೆಚ್ಚೇನಲ್ಲ.